ಹೊರೆಯ ಮೇಲೊಂದು ಬಾಳೆಗೊನೆ

ಮಕ್ಕಳೇ, ಹೋದ ಭಾನುವಾರ ನಿಮ್ಮಲ್ಲಿ ಚಿಕ್ಕವಳು ಫೋನ್ ಮಾಡಿ, "ಅಜ್ಜೀ, ಹೊರೆ ಅಂದ್ರೆ ಅತಿಯಾದ ಭಾರ ಅಂತ ಪುಸ್ತಕದಲ್ಲಿ ಕೊಟ್ಟಿದ್ದಾರೆ. ಅದನ್ನ ಹಾಕಿ ಒಂದು ವಾಕ್ಯ ಮಾಡ್ಬೇಕಂತೆ, ಬೇಗ ಹೇಳು" ಎಂದಳು. ನನಗೆ ಬಾಯಿ ತೆರೆಯುವ ಮೊದಲೇ ನಗು ಬಂದುಬಿಟ್ಟಿತು. ನಕ್ಕು ನಕ್ಕು ಫೋನು ಕೈಯಿಂದ ಜಾರಿ ಅಕ್ಕಿ ಮೊರದೊಳಗೆ ಬಿತ್ತು. ಅವಳು ಅಕ್ಕಿಯೊಳಗಿಂದಲೇ "ಹಲೋ, ಹಲೋ" ಅನ್ನುತ್ತಿದ್ದಳು. ಪಾಪ, ಕೊನೆಗೆ ಅವರಮ್ಮನನ್ನು ಕೇಳಿ ಏನೋ ಬರೆದುಕೊಂಡು ಹೋದಳಂತೆ. ಅಷ್ಟೊಂದು ಯಾಕೆ ನಕ್ಕೆ ಎಂದು ಫೋನಿನಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು. ಮಾತಾಡು ಎಂದರೆ ನಾಚಿಕೆಯಾಗುತ್ತದೆ. ಬರೆ ಎಂದರೆ ಪರವಾಗಿಲ್ಲ, ಕಾಗದ ಮುಖ ನೋಡುವುದಿಲ್ಲ.

ನಮ್ಮ ಕಡೆ ಹೊರೆ ಅನ್ನುವುದು ಮೊದಲು ತಲೆಯ ಮೇಲಿನದು. ಹುಲ್ಲಿನ ಹೊರೆ, ಸೌದೆ ಹೊರೆ, ಒಣಗಿದ ತೆಂಗಿನ ಗರಿಯ ಹೊರೆ. ಒಬ್ಬಳೇ ಬಗ್ಗಿ ಎತ್ತಿ ತಲೆಗೆ ಇಟ್ಟುಕೊಳ್ಳಲು ಆಗುವಷ್ಟಿದ್ದರೆ ಅದು ಕಂತೆ. ಒಬ್ಬಳಿಂದ ಎತ್ತಲಾಗದೆ, ಇನ್ನೊಬ್ಬರು ಬಂದು ಕೈ ಕೊಟ್ಟು ತಲೆಗೆ ಏರಿಸಬೇಕು ಅಂದಾಗಲೇ ಅದಕ್ಕೆ ಹೊರೆ ಅನ್ನುವುದು. ನಾನು ಚಿಕ್ಕವಳಿದ್ದಾಗ ಕಟ್ಟಿದ ಹೊರೆಯ ಪಕ್ಕದಲ್ಲಿ ಹೆಂಗಸರು ದಾರಿ ನೋಡುತ್ತ ನಿಂತಿರುತ್ತಿದ್ದರು. ಯಾರಾದರೂ ಬರುವುದು ಕಂಡರೆ "ಒಸಿ ಹೊರೆ ಎತ್ತಿಸು ಬಾ" ಎಂದು ಕೂಗುತ್ತಿದ್ದರು. ಹಾಗೆ ಕೂಗಿದ ಮೇಲೆ ಬಾರದೆ ಹೋಗುವವರಿಲ್ಲ. ಬದುವಿನ ಜಗಳದಲ್ಲಿ ಮಾತು ಬಿಟ್ಟವರೂ ಬಂದು ಎತ್ತಿಸಿ, ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಇನ್ನೊಂದು ಪದ್ಧತಿಯೂ ಇದೆ. ಎತ್ತಿಸಿದವರು ಹೊರೆ ಹೊತ್ತವರನ್ನು ಹಾಗೇ ಕಳಿಸಬಾರದು. ತಮ್ಮ ಕೈಲಿರುವ ಒಂದು ಹಿಡಿ ಸೊಪ್ಪೋ, ಒಂದು ಕಡ್ಡಿ ಸೌದೆಯೋ ಆ ಹೊರೆಯ ಮೇಲೆ ಇಡಬೇಕು. ಅದಕ್ಕೆ ಕೊಸರು ಅನ್ನುತ್ತೇವೆ. ಏನೂ ಇಡದೆ ಕಳಿಸಿದರೆ ಮನಸ್ಸಿಲ್ಲದೆ ಎತ್ತಿಸಿದ ಹಾಗೆ. ಇಟ್ಟ ಕೊಸರನ್ನು ಇಟ್ಟವರು ವಾಪಸು ತೆಗೆಯುವಂತಿಲ್ಲ, ಹೊತ್ತವರು ದಾರಿಯಲ್ಲಿ ತೆಗೆದಿಡುವಂತೆಯೂ ಇಲ್ಲ, ಬೀಳಿಸುವಂತೆಯೂ ಇಲ್ಲ. ಈ ಕೊಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಒಳ್ಳೆಯ ಮಾತು ದೊಡ್ಡವರ ಬಾಯಲ್ಲಿ ಬೇರೆ ಥರ ಆಗುತ್ತದೆ. ನಿಮ್ಮ ಅಜ್ಜ ತೀರಿಕೊಂಡ ಮಾರನೆಯ ವರ್ಷ ಮನೆಗೆ ಬಂದವರೆಲ್ಲ ಕಾಫಿ ಕುಡಿದು, ಎದ್ದು ಹೋಗುವಾಗ ಹೇಳುತ್ತಿದ್ದುದು ಒಂದೇ: "ನಿನಗ್ಯಾಕಮ್ಮ ಈ ತೋಟದ ಹೊರೆ?" ಪ್ರೀತಿಯಿಂದಲೇ ಹೇಳುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವರು ನಿಮ್ಮ ಚಿಕ್ಕಜ್ಜ, ಅಂದರೆ ಅಜ್ಜನ ತಮ್ಮ, ನನ್ನ ಮೈದುನ.

ಚಿಕ್ಕಜ್ಜನ ಜೊತೆ ನಾನು ಮಾತಾಡುತ್ತಿದ್ದ ರೀತಿ ನಿಮಗೆ ಗೊತ್ತಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ನಾನು ಅವರ ಮುಖ ನೋಡಿ ಒಂದು ಮಾತು ಆಡಿರಲಿಲ್ಲ. ಏನಾದರೂ ಹೇಳಬೇಕಾದರೆ ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದೆ, ಅವರಿಗೆ ಕೇಳಿಸುತ್ತಿತ್ತು. ಹಸುಗಳು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಹೋಗುತ್ತ ಹೋಗುತ್ತ ಅವರೂ ಹಸುವಿಗೇ ಉತ್ತರ ಕೊಡಲು ಕಲಿತರು. ನಿಮ್ಮ ಅಜ್ಜ ಇಬ್ಬರ ಮಧ್ಯೆ ಕೂತು ವೀಳ್ಯ ಜಗಿಯುತ್ತ, "ಪುಣ್ಯ, ನಮ್ಮ ಹಸು ಮಾತು ತಿರುಚಲ್ಲ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಚಿಕ್ಕಜ್ಜ ಜಗಲಿಗೆ ಬಂದು ಕೂತರು. "ಅತ್ಗೆ, ಸಾಕು ಕಣ್ರೀ. ತೋಟ ನಮ್ಗೆ ಬುಡಿ. ಕಾಯಿ ನಮ್ಮ ಅಟ್ಟಕ್ಕೆ ಹೋಗ್ಲಿ. ವರ್ಸಕ್ಕೆ ಬೇಕಾದಷ್ಟು ಕಾಯಿ, ಕೊಬ್ರಿ ನಾನೇ ತಂದು ಹಾಕ್ತೀನಿ. ನೀವು ಆರಾಮಾಗಿ ಕೂತ್ಕಳಿ."

ನಾನು ಹಸುವಿನ ಕಡೆ ತಿರುಗಿದೆ. "ಕೇಳಿಸ್ಕಂಡೇನೇ? ಆರಾಮಾಗಿ ಕೂತ್ಕಬೇಕಂತೆ. ಸಸಿ ನೆಟ್ಟೋರು ಕೂತ್ಕಂಡು ನೆಟ್ರಾ ಅಂತ ಕೇಳೇ."

"ನಿಮ್ಮಮ್ಮಂಗೆ ಹೇಳವ್ವಾ," ಎಂದರು ಚಿಕ್ಕಜ್ಜ ಹಸುವಿಗೆ, "ನೆಡೋದು ಬೇರೆ, ಕಾಯಿ ಹೊರೋದು ಬೇರೆ. ಅಣ್ಣ ಇದ್ದಾಗ ಗಾಡೀಲಿ ತತ್ತಿದ್ದ. ಹುಡುಗ್ರು ಊರು ಬುಟ್ಟವ್ರೆ, ಈಗ ಯಾರು ತತ್ತಾರೆ? ನೀನು ತತ್ತೀಯಾ?"

ಹಸು ಕಿವಿ ಅಲ್ಲಾಡಿಸಿತು.

ಮಕ್ಕಳೇ, ಆ ತೋಟ ನನಗೆ ಯಾಕೆ ಬೇಕಿತ್ತು ಎಂದು ಆಗ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಕೆರೆಯ ಹಿಂದಿನ ಆ ತೋಟದೊಳಗೆ ನನಗೆ ನಾಚಿಕೆ ಇರಲಿಲ್ಲ. ಅಲ್ಲಿ ನಾನು ಗಟ್ಟಿಯಾಗಿ ಮಾತಾಡುತ್ತಿದ್ದೆ, ಪದ ಹಾಡುತ್ತಿದ್ದೆ, ಮರಗಳನ್ನು ಬೈಯುತ್ತಿದ್ದೆ. ನಿಮ್ಮ ಅಜ್ಜನೂ ನಾನೂ ಕೊಡದಲ್ಲಿ ನೀರು ಹೊತ್ತು ಎಬ್ಬಿಸಿದ ಮರಗಳು ಅವು, ಬೈದರೂ ಸುಮ್ಮನಿರುತ್ತವೆ. ತೋಟ ಬಿಟ್ಟುಕೊಟ್ಟರೆ ನನ್ನ ದನಿ ಇಡೀ ದಿನ ಮನೆಯೊಳಗೇ ಉಳಿಯಬೇಕಿತ್ತು.

"ಈ ಕೊಯ್ಲಿನ ಕಾಯಿ ಒಂದೂ ಬಿಡದಂಗೆ ನಮ್ಮ ಅಟ್ಟಕ್ಕೆ ನಾನೇ ತತ್ತೀನಿ ಅಂತ ಹೇಳೇ," ಎಂದೆ ಹಸುವಿಗೆ. ಎಲ್ಲಿಂದ ಬಂತೋ ಆ ಧೈರ್ಯ.

ಚಿಕ್ಕಜ್ಜ ಎದ್ದು ನಿಂತರು. "ಹಂಗಾದ್ರೆ ಸರಿ ಕಣವ್ವಾ. ಕೀಳೋರು ಬಂದು ಕಿತ್ತು ಹಾಕ್ಲಿ. ಮನೆಗೆ ತರೋದು ನಿಮ್ಮಮ್ಮಂದು. ನನ್ನ ಟ್ರ್ಯಾಕ್ಟ್ರು ಕೇಳಂಗಿಲ್ಲ. ಗೌರಿ ಹಬ್ಬದೊಳಗೆ ಎಲ್ಲಾ ಅಟ್ಟ ಸೇರಿದ್ರೆ ನಾನು ತೋಟದ ಮಾತು ಎತ್ತಲ್ಲ. ಸೇರ್ಲಿಲ್ಲ ಅಂದ್ರೆ ತೋಟ ಬುಡಬೇಕು." ಹಸು ಅಂಬಾ ಎಂದಿತು. ಅದನ್ನೇ ಒಪ್ಪಿಗೆ ಎಂದುಕೊಂಡು ಅವರು ಹೊರಟುಹೋದರು.

ನಾನು ಹೇಳಿದ್ದೇನೋ ಹೇಳಿಬಿಟ್ಟೆ. ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಬೆವೆತೆ.

ಆಗ ಬಂದವರು ಟೈಲರಮ್ಮ. ತಿಪಟೂರಿನವರು, ಮೊಪೆಡ್‌ನಲ್ಲಿ ಊರೂರು ತಿರುಗಿ ಬ್ಲೌಸ್ ಪೀಸು ತೆಗೆದುಕೊಂಡು ಹೋಗಿ ಹೊಲಿದು ತಂದುಕೊಡುವ ಸಾಬರ ಹೆಂಗಸು. ನನ್ನ ತೋಳಿನ ಅಳತೆ ತೆಗೆಯುತ್ತ ಅವರ ಕಣ್ಣು ಅಟ್ಟದ ಕೆಳಗೆ ಹೋಯಿತು. ನಿಮ್ಮ ಅಜ್ಜನ ಮೊಪೆಡ್ ಅಲ್ಲಿ ಗೋಣಿ ಹೊದ್ದು ನಿಂತಿತ್ತು. ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು.

"ಅರೆ ಅಕ್ಕಾ, ಕೋಳಿ ಕೂರೋ ಗಾಡಿ ಮೇಲೆ ನಿಮ್ಗೆ ಕೂರಕ್ಕೆ ಆಗಲ್ವಾ?"

"ಅಯ್ಯೋ, ಥೂ, ನಾನಾ!"

"ಕೋಳೀನೂ ಮೊದ್ಲು ಹಂಗೇ ಅಂದಿರ್ತದೆ."

ಮರಿಗಳು ಎದ್ದ ಮೇಲೆ ಗಾಡಿ ತೊಳೆದೆ. ಟೈಲರಮ್ಮ ಗಾಳಿ ಹಾಕಿಸಿ, ಪೆಟ್ರೋಲ್ ಹಾಕಿಸಿ, ನೀರಿಲ್ಲದ ಕೆರೆಯಂಗಳಕ್ಕೆ ನನ್ನನ್ನು ಕರೆದುಕೊಂಡು ಹೋದರು. ಅಷ್ಟು ವರ್ಷ ಆ ಗಾಡಿಯ ಹಿಂದೆ ಒಂದೇ ಕಡೆ ಕಾಲು ಹಾಕಿಕೊಂಡು, ನಿಮ್ಮ ಅಜ್ಜನ ಅಂಗಿಯ ಚುಂಗು ಹಿಡಿದು ಕೂತಿದ್ದವಳು ನಾನು. ಮುಂದೆ ಕೂತರೆ ಕೆರೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಗೊತ್ತಾ?

"ಆಕ್ಸಿಲೇಟ್ರು ಮಗೂ ಕಿವಿ ಹಿಂಡ್ದಂಗೆ ಮೆತ್ತಗೆ ಹಿಂಡಿ ಅಕ್ಕಾ," ಎಂದರು ಟೈಲರಮ್ಮ.

ನಾನು ನಿಮ್ಮ ದೊಡ್ಡ ಮಾವನ ಕಿವಿ ಹಿಂಡುತ್ತಿದ್ದ ಹಾಗೆ ಹಿಂಡಿದೆ. ಗಾಡಿ ಕಿರುಚಿಕೊಂಡು ಓಡಿತು. "ಬ್ರೇಕು! ಬ್ರೇಕು ಅಕ್ಕಾ! ಯಾ ಅಲ್ಲಾ!" ಎಂದು ಅವರು ಹಿಂದಿನಿಂದ ಓಡಿಬಂದರು. ನಾನು ಬ್ರೇಕಿನ ಬದಲು ಹಾರನ್ ಒತ್ತುತ್ತ, ಕೆರೆಯಂಚಿಗೆ ಯಾರೋ ಸುರಿದಿದ್ದ ತೆಂಗಿನ ಮಟ್ಟೆಯ ರಾಶಿಯೊಳಗೆ ಹೋಗಿ ಕೂತೆ. ಎಲ್ಲೂ ಪೆಟ್ಟಾಗಲಿಲ್ಲ. ರಾಶಿಯಿಂದ ಎದ್ದಾಗ ತಲೆಯೆಲ್ಲ ನಾರು. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ನನಗೂ ನಗು. ಕುರಿ ಕಾಯುವವರು ನೋಡುತ್ತಿದ್ದಾರೆ ಅನ್ನುವುದೂ ಮರೆತುಹೋಯಿತು. "ಇನ್ನೊಂದ್ಸಲ" ಎಂದೆ.

ಊರೊಳಗೆ ಓಡಿಸಬೇಕಾಗಿ ಬಂದಾಗ ಮಾತ್ರ ಜೀವ ಹಿಡಿಯಷ್ಟಾಯಿತು. ಆಗ ಕಾಪಾಡಿದ್ದು ಹೆಲ್ಮೆಟ್. ನಾಚಿಕೆ ಇರುವವರಿಗೆ ಅದರಂಥ ಒಳ್ಳೆಯ ವಸ್ತು ಇನ್ನೊಂದಿಲ್ಲ. ಮುಖ ಯಾರಿಗೂ ಕಾಣುವುದಿಲ್ಲ, ಎಲ್ಲರ ಮುಖ ನಮಗೆ ಕಾಣುತ್ತದೆ. ಮೊದಮೊದಲು ಗಾಡಿಯಿಂದ ಇಳಿದ ಮೇಲೂ ಹಾಕಿಕೊಂಡೇ ಓಡಾಡುತ್ತಿದ್ದೆ. ಒಮ್ಮೆ ಹಾಲಿನ ಡೈರಿಗೂ ಹಾಗೆಯೇ ಹೋಗಿದ್ದೆ. ಚಿಕ್ಕಜ್ಜಿ, ಅಂದರೆ ಚಿಕ್ಕಜ್ಜನ ಹೆಂಡತಿ, ನನ್ನ ವಾರಗಿತ್ತಿ, ಅಲ್ಲಿ ಸಾಲಿನಲ್ಲಿ ನಿಂತಿದ್ದಳು. ಹೆಲ್ಮೆಟ್ ಮೇಲೆ ಟಕಟಕ ಬಡಿದು, "ಅಕ್ಕಾ, ಒಳಗಿದ್ದೀಯಾ?" ಎಂದಳು.

ಕೀಳುವವರು ಬಂದು ಕಾಯಿ ಕಿತ್ತು, ತೋಟದಲ್ಲಿ ರಾಶಿ ಹಾಕಿ ಹೋದರು. ನಮ್ಮ ಕಡೆ ಸಿಪ್ಪೆ ಸುಲಿಯದೆಯೇ ಕಾಯಿಯನ್ನು ಅಟ್ಟಕ್ಕೆ ಹಾಕುವುದು. ಹೆಚ್ಚುಕಡಿಮೆ ವರ್ಷವಿಡೀ ಅಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಅನ್ನಬೇಕು. ಸಿಪ್ಪೆ ಸಮೇತ ಕಾಯಿ ತರುವುದೆಂದರೆ ಎಷ್ಟು ಭಾರ, ಎಷ್ಟು ಜಾಗ ಎಂದು ನೀವೇ ಲೆಕ್ಕ ಹಾಕಿ. ಚೀಲ ತುಂಬಿದರೆ ನನ್ನಿಂದ ಎತ್ತಲಾಗದು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಖಾಲಿ ಚೀಲವನ್ನು ಮೊದಲು ಗಾಡಿಯ ಹಿಂದೆ ಕಟ್ಟಿ, ಆಮೇಲೆ ಒಂದೊಂದೇ ಕಾಯಿ ಹಾಕಿ ತುಂಬುವುದು. ಕಾಲಿಡುವ ಜಾಗದಲ್ಲಿ ಮುಂದೊಂದು ಸಣ್ಣ ಚೀಲ. ಮುಂದೆ ಭಾರ ಇಲ್ಲದಿದ್ದರೆ ಗಾಡಿಯ ಮೂತಿ ಮೇಲೇಳುತ್ತದೆ ಎಂದು ಟೈಲರಮ್ಮ ಹೇಳಿದ್ದರು. ಹೀಗೆ ಹೊರೆಯನ್ನು ಯಾರೂ ಎತ್ತಿಸುವ ಅಗತ್ಯವಿಲ್ಲದೆ, ಕೆರೆಯ ಏರಿ ಮೇಲೆ ಹೋಗುವುದು ಬರುವುದು. ದಿನದಿನಕ್ಕೂ ರಾಶಿ ಕರಗಿತು, ಅಟ್ಟ ತುಂಬಿತು. ಹೆಲ್ಮೆಟ್ಟಿನೊಳಗೆ ನಾನು ಪದ ಹೇಳಿಕೊಂಡು ಹೋಗುತ್ತಿದ್ದೆ. ಹೊರಗೆ ಯಾರಿಗೂ ಕೇಳಿಸದು ಅಂದುಕೊಂಡಿದ್ದೆ. ಇಡೀ ಊರಿಗೆ ಕೇಳಿಸುತ್ತಿತ್ತಂತೆ.

ಗೌರಿ ಹಬ್ಬದ ಹಿಂದಿನ ಸಂಜೆ ಕೊನೆಯ ಹೊರೆ ಮಾತ್ರ ಉಳಿದಿತ್ತು. ಕಂದಿಕೆರೆ ದಿಕ್ಕಿಗೆ ಮೋಡ ಕಟ್ಟಿತ್ತು. ಮಳೆ ಬಂದರೆ ಏರಿಯ ಮಣ್ಣು ಬೆಣ್ಣೆಯಾಗುತ್ತದೆ, ಗಾಡಿ ಹೋಗುವುದಿಲ್ಲ, ಬೆಳಗಾದರೆ ಹಬ್ಬ. ಆ ಅವಸರದಲ್ಲಿ ನಾನು ಮುಂದಿನ ಸಣ್ಣ ಚೀಲವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಅದೇ ಅವಸರದಲ್ಲಿ ದೊಡ್ಡ ಚೀಲವನ್ನು ಗಾಡಿಗೆ ಕಟ್ಟುವ ಮೊದಲೇ ನೆಲದ ಮೇಲಿಟ್ಟು ಪೂರ್ತಿ ತುಂಬಿ, ಬಾಯಿ ಹೊಲಿದುಬಿಟ್ಟೆ. ಹೊಲಿದು ಮುಗಿಸಿ ಎದ್ದು ನಿಂತಾಗ ಗೊತ್ತಾಯಿತು. ಎತ್ತಲು ಹೋದರೆ ಚೀಲ ಅಲುಗಾಡಲಿಲ್ಲ. ಅದು ಕಂತೆಯಲ್ಲ, ಹೊರೆ.

ಸುತ್ತ ನೋಡಿದೆ. ಹಬ್ಬದ ಮುನ್ನಾ ದಿನ, ತೋಟಗಳಲ್ಲಿ ಒಂದು ನರಪಿಳ್ಳೆ ಇಲ್ಲ. ಏರಿಯ ಮೇಲೆ ಮಾತ್ರ ಇಬ್ಬರು ನಿಂತಿದ್ದರು. ಚಿಕ್ಕಜ್ಜ, ಚಿಕ್ಕಜ್ಜಿ. ಹಬ್ಬಕ್ಕೆಂದು ಅವರ ತೋಟದಿಂದ ಕಡಿದ ಬಾಳೆಗೊನೆ ಚಿಕ್ಕಜ್ಜನ ಹೆಗಲ ಮೇಲಿತ್ತು. ಅವರು ನನ್ನನ್ನೂ ಚೀಲವನ್ನೂ ಮೋಡವನ್ನೂ ನೋಡುತ್ತಿದ್ದರು.

ಹೇಳೋಣವೆಂದರೆ ಹಸು ಮನೆಯಲ್ಲಿತ್ತು.

ಮಕ್ಕಳೇ, ಆಗ ನನಗೆ ಏನಾಯಿತೋ. ಹೆಲ್ಮೆಟ್ ತೆಗೆದೆ. ನನ್ನಮ್ಮ ಕೂಗುತ್ತಿದ್ದ ಹಾಗೆ, ಕೆರೆಯ ಆಚೆಗೆ ಮುಟ್ಟುವ ಹಾಗೆ ಕೂಗಿದೆ: "ಓ ಅಪ್ಪಯ್ಯಾ! ಒಸಿ ಹೊರೆ ಎತ್ತಿಸು ಬಾ!"

ಚಿಕ್ಕಜ್ಜ ಬೆಚ್ಚಿಬಿದ್ದರು. ಮೈದುನನನ್ನು ಅಪ್ಪಯ್ಯ ಅನ್ನುವುದು ನಮ್ಮ ಕಡೆ ವಾಡಿಕೆ, ಆದರೆ ಅಷ್ಟು ವರ್ಷದಲ್ಲಿ ನಾನು ಅವರನ್ನು ಕರೆದದ್ದು ಅದೇ ಮೊದಲು. ಅವರ ತಲೆ ಏನು ಯೋಚಿಸಿತೋ ಗೊತ್ತಿಲ್ಲ, ಕಾಲಂತೂ ಇಳಿದು ಬಂತು. ಗೊನೆಯನ್ನು ಕೆಳಗಿಟ್ಟು, ಪಂಚೆ ಎತ್ತಿ ಕಟ್ಟಿ, "ಹೂಂ, ಹಿಡೀರಿ ಅತ್ಗೆ" ಎಂದರು. ಇಬ್ಬರೂ ಸೇರಿ ಚೀಲವನ್ನು ಗಾಡಿಯ ಹಿಂದಕ್ಕೆ ಏರಿಸಿದೆವು. ಹಗ್ಗ ಬಿಗಿದೆವು. ನಾನು ಹೆಲ್ಮೆಟ್ ಹಾಕಿ, ಕೂತು, ಗಾಡಿ ಶುರು ಮಾಡಿದೆ.

ಚಿಕ್ಕಜ್ಜ ಹಿಂದೆ ಮುಂದೆ ನೋಡಿದರು. ಕೊಸರು ಇಡಬೇಕಲ್ಲ. ಕೈಲಿ ಸೊಪ್ಪಿಲ್ಲ, ಸೌದೆ ಇಲ್ಲ. ಒಂದು ಹಣ್ಣು ಕಿತ್ತು ಇಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೈಗೆ ಬುದ್ಧಿ ಎಲ್ಲಿಂದ ಬರಬೇಕು? ಇಡೀ ಗೊನೆಯನ್ನೇ ಎತ್ತಿ ಚೀಲದ ಮೇಲೆ ಇಟ್ಟು, ಹಗ್ಗದೊಳಗೆ ತುರುಕಿದರು.

ಗಾಡಿ ಮುಂಗಾಲೆತ್ತಿತು!

ಮುಂದಿನ ಚಕ್ರ ಗಾಳಿಯಲ್ಲಿ, ನನ್ನ ಕಣ್ಣ ಮುಂದೆ ಬರೀ ಮೋಡ. ಚಿಕ್ಕಜ್ಜ ಹಿಂದಿನಿಂದ ಚೀಲಕ್ಕೆ ಭುಜ ಕೊಟ್ಟರು. ಚಿಕ್ಕಜ್ಜಿ ಏರಿಯಿಂದ ಓಡಿಬಂದವಳೇ ಹ್ಯಾಂಡಲ್ ಹಿಡಿದು, ಮೂಗುದಾರ ಜಗ್ಗಿದ ಹಾಗೆ ಜೋತುಬಿದ್ದಳು. ಚಕ್ರ ದೊಪ್ಪೆಂದು ನೆಲಕ್ಕೆ ಬಂತು.

"ಗೊನೆ ತಗೀರೀ!" ಎಂದಳು ಗಂಡನಿಗೆ.

"ಇಟ್ಟ ಕೊಸರು ತಗೀತಾರೇನೇ?"

"ಹಂಗಾದ್ರೆ ಅಕ್ಕಾ ನೀನೇ ತಗಿ!"

"ನಾನೂ ತಗಿಯಂಗಿಲ್ಲ ಕಣೇ!"

"ಇದೇನು ಪದ್ಧತೀರೀ, ಜನ ಸಾಯೋ ಪದ್ಧತಿ! ಹೂಂ, ನಡೀ ಅಕ್ಕಾ. ನಾನು ಬುಟ್ರೆ ಇದು ಹಾರಿ ಹೋಯ್ತದೆ."

ಹಾಗೆಯೇ ಹೊರಟೆವು. ಚಿಕ್ಕಜ್ಜಿ ಮುಂದೆ ಹ್ಯಾಂಡಲ್ ಅದುಮಿಕೊಂಡು ಅಡ್ಡಡ್ಡ ಓಡುತ್ತಾಳೆ. ನಾನು ಮಧ್ಯೆ ಕಿವಿ ಹಿಂಡಿದಂತೆ ಮೆತ್ತಗೆ ಹಿಂಡುತ್ತೇನೆ. ಹಿಂದೆ ಚಿಕ್ಕಜ್ಜ ಒಂದು ಕೈ ಚೀಲಕ್ಕೆ, ಒಂದು ಕೈ ಗೊನೆಗೆ, ಬಿಚ್ಚುತ್ತಿರುವ ಪಂಚೆಗೆ ಮೂರನೆಯ ಕೈ ಇಲ್ಲದೆ ಒದ್ದಾಡುತ್ತಾರೆ. ಗಾಡಿ ಕೆಮ್ಮುತ್ತದೆ. ಚಿಕ್ಕಜ್ಜಿ ಬೈಯುತ್ತಾಳೆ. ನಾನು ನಗುತ್ತೇನೆ, ನಕ್ಕಾಗೆಲ್ಲ ಹ್ಯಾಂಡಲ್ ಅಲ್ಲಾಡುತ್ತದೆ, ಅಲ್ಲಾಡಿದಾಗೆಲ್ಲ ಅವಳು ಇನ್ನೂ ಬೈಯುತ್ತಾಳೆ. ಮಳೆಯ ದಪ್ಪ ಹನಿ ಹೆಲ್ಮೆಟ್ ಮೇಲೆ ಟಪ್ ಟಪ್ ಅನ್ನತೊಡಗಿತು.

"ಅತ್ಗೆ, ಇದು ನೀವು ತಂದಂಗಾಗಲ್ಲ!" ಚಿಕ್ಕಜ್ಜ ಹಿಂದಿನಿಂದ ಕೂಗಿದರು. "ಇದ್ರಲ್ಲಿ ನಾವಿಬ್ರೂ ಇದ್ದೀವಿ!"

ನನ್ನ ನಗು ನಿಂತುಹೋಯಿತು. ಹೌದಲ್ಲ, ಮಾತು ಕೊಟ್ಟಿದ್ದು ನಾನೇ ತರುತ್ತೇನೆಂದು. ಕೊನೆಯ ಹೊರೆಯಲ್ಲಿ ತೋಟ ಹೋಯಿತಲ್ಲ ಅನ್ನಿಸಿತು.

ಚಿಕ್ಕಜ್ಜಿ ಓಡುತ್ತಲೇ ತಿರುಗಿದಳು. "ಯಾಕಾಗಲ್ಲ? ಅಕ್ಕ ತತ್ತೀನಿ ಅಂದಿದ್ದು ಕಾಯಿ. ಕಾಯಿ ಅಕ್ಕ ತತ್ತಾವ್ಳೆ. ನೀವು ನಿಮ್ಮ ಗೊನೆ ಹಿಂದೆ ಬತ್ತಾ ಇದ್ದೀರಿ. ಗೊನೆ ಇಲ್ದಿದ್ರೆ ನಾನ್ಯಾಕೆ ಇಲ್ಲಿ ಜೋತಾಡ್ತಿದ್ದೆ? ಇಷ್ಟಕ್ಕೂ ಇಲ್ಲಿ ಹೊರೆ ಆಗಿರೋದು ಕಾಯಲ್ಲ, ನಾವು ಗಂಡ ಹೆಂಡ್ರು!"

ಆಮೇಲೆ ಗಾಡಿ ಅಲುಗಾಡತೊಡಗಿತು. ಏನಾಯಿತೆಂದು ತಿರುಗಿ ನೋಡಿದರೆ ಚಿಕ್ಕಜ್ಜ ಚೀಲದ ಮೇಲೆ ಹಣೆ ಊರಿಕೊಂಡು ನಗುತ್ತಿದ್ದರು.

ಊರಬಾಗಿಲಲ್ಲಿ ಜನ ಹೂವು, ಮಾವಿನ ಸೊಪ್ಪು ಹಿಡಿದು ನಿಂತವರು ಹಾಗೇ ನಿಂತುಬಿಟ್ಟರು. "ಏನ್ ಕಣ್ಲಾ ಇದು, ಗೌರಿ ಈ ಸಲ ಗಾಡೀಲಿ ಬಂದ್ಲಾ?" ಎಂದು ಯಾರೋ ಕೂಗಿದರು. ಬೇರೆ ದಿನವಾಗಿದ್ದರೆ ನಾನು ಅಲ್ಲೇ ನೆಲಕ್ಕೆ ಇಳಿದುಹೋಗುತ್ತಿದ್ದೆ. ಅವತ್ತು ಹಾರನ್ ಹೊಡೆದೆ.

ಮಳೆ ಜೋರಾಗುವ ಹೊತ್ತಿಗೆ ನಾವು ಮನೆಯೊಳಗಿದ್ದೆವು. ಚಿಕ್ಕಜ್ಜಿ ಏಣಿಯ ಮೇಲೆ ನಿಂತು ಕಾಯಿ ಈಸಿಕೊಂಡಳು, ನಾನು ಕೆಳಗಿನಿಂದ ಒಂದೊಂದೇ ಕೊಟ್ಟೆ. ಕೊನೆಯ ಕಾಯಿಯನ್ನು ಅವಳು ಈಸಿಕೊಳ್ಳಲಿಲ್ಲ, ಏಣಿಯಿಂದ ಇಳಿದಳು. "ಇದು ನಿಂದು ಅಕ್ಕಾ" ಎಂದಳು. ಸೆರಗು ಸಿಕ್ಕಿಸಿ ಹತ್ತಿ, ಅಟ್ಟದ ಅಂಚಿಗೆ ಆ ಕಾಯಿ ಇಟ್ಟೆ. ಅದು ಒಂದು ಸಲ ಉರುಳಿ, ಉಳಿದವುಗಳ ಪಕ್ಕಕ್ಕೆ ಒರಗಿ ನಿಂತಿತು.

ಕೆಳಗಿಳಿದು ಕಾಫಿ ಕಾಯಿಸಿದೆ. ಚಿಕ್ಕಜ್ಜ ಕೊಟ್ಟಿಗೆಯ ಕಡೆ ಮುಖ ಮಾಡಿ ಕಂಬಕ್ಕೆ ಒರಗಿ ಕೂತಿದ್ದರು. ಒದ್ದೆ ಪಂಚೆ, ಕೈಯಲ್ಲಿ ಲೋಟ. ಗೊನೆಯಲ್ಲಿ ಮುಂಚೆಯೇ ಹಣ್ಣಾಗಿದ್ದ ಒಂದನ್ನು ಕಿತ್ತು ತಿಂದರು. ಸಿಪ್ಪೆಯನ್ನು ಹಸುವಿನ ಮುಂದಕ್ಕೆ ಎಸೆದರು. ಆಮೇಲೆ ಗಂಟಲು ಸರಿಮಾಡಿಕೊಂಡು ಹಸುವಿಗೆ, "ನಿಮ್ಮಮ್ಮಂಗೆ ಹೇಳವ್ವಾ. ತೋಟ ಅವರ್ದೇ. ನಾನಿನ್ನು ಆ ಮಾತು ಎತ್ತಲ್ಲ ಅಂತ ಹೇಳು" ಎಂದರು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಹೆಲ್ಮೆಟ್ ಇರಲಿಲ್ಲ, ಸೆರಗೂ ತಲೆಯ ಮೇಲಿರಲಿಲ್ಲ.

"ಹಸುಗ್ಯಾಕೆ ಹೇಳ್ತೀಯಾ ಅಪ್ಪಯ್ಯಾ," ಎಂದೆ ಅವರ ಮುಖ ನೋಡಿ, "ನಾನಿಲ್ಲೇ ಇದ್ದೀನಲ್ಲ."

ಹಸು ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಬಾಳೆಹಣ್ಣಿನ ಸಿಪ್ಪೆಗೆ ಬಾಯಿ ಹಾಕಿತು.